ಗುಂಪಿನಲ್ಲೊಬ್ಬನಾಗುವ ಪಾಠ

ತರಗತಿಯಲ್ಲಿ ‘ತುಘಲಕ್’ ಆಡೋಣ ಎಂದರೆ ಸಾಕು, ಸುಲ್ತಾನನ ಪಾತ್ರಕ್ಕೆ ಸಾಲು ಸಾಲು ಕೈ ಮೇಲೇಳುತ್ತವೆ. ಹಿಂದಿನ ಬೆಂಚಿನವರದು ಮಾತ್ರ ಒಂದೇ ಕೋರಿಕೆ: ‘ಮಾತಿಲ್ಲದ ಪಾತ್ರ ಕೊಡಿ ಸರ್, ಗುಂಪಲ್ಲಿ ಸುಮ್ನೆ ನಿಂತಿರ್ತೀವಿ.’ ಈ ನಾಟಕದ ಮೊದಲ ದೃಶ್ಯಕ್ಕೆ ಬೇಕಾದವರು ಅವರೇ. ಆದರೆ ಅಲ್ಲಿ ಸುಮ್ಮನೆ ನಿಲ್ಲಲು ಆಗುವುದಿಲ್ಲ.

ಗಿರೀಶ ಕಾರ್ನಾಡರು 1964ರಲ್ಲಿ ಬರೆದ ಈ ನಾಟಕದ ಹೆಸರು ಕೇಳಿದೊಡನೆ ಕಣ್ಣಿಗೆ ಬರುವುದು ದೊಡ್ಡ ದೊಡ್ಡ ಚಿತ್ರಗಳು. ಕನ್ನಡ ರಂಗಭೂಮಿಗೆ ಅದು ಸಿ.ಆರ್. ಸಿಂಹ ಅವರ ತುಘಲಕ್. ದೆಹಲಿಯವರಿಗೆ ಹಳೇ ಕೋಟೆಯ ನಿಜವಾದ ಗೋಡೆಗಳ ನಡುವೆ ಇಬ್ರಾಹಿಂ ಅಲ್ಕಾಜಿ ನಿರ್ದೇಶಿಸಿದ, ಮನೋಹರ್ ಸಿಂಗ್ ಅಭಿನಯಿಸಿದ ತುಘಲಕ್. ಕೋಟೆ, ನಿಲುವಂಗಿ, ದೀಪಗಳಿಲ್ಲದೆ ಇದನ್ನು ಆಡುವುದು ಹೇಗೆ ಎಂಬ ಅಳುಕು ಸಹಜ. ಆದರೆ ಮೊದಲ ದೃಶ್ಯಕ್ಕೆ ಸಿಂಹಾಸನವೇ ಬೇಡ. ಕಾಲ 1327, ಜಾಗ ದೆಹಲಿಯ ನ್ಯಾಯಾಲಯದ ಮುಂದಿನ ಅಂಗಳ. ಬೆಂಚುಗಳನ್ನು ಗೋಡೆಗೆ ಸರಿಸಿದರೆ ಅಂಗಳ ಸಿದ್ಧ, ಪಾಠ ಮಾಡುವ ಕಟ್ಟೆಯೇ ನ್ಯಾಯಾಲಯದ ಮೆಟ್ಟಿಲು.

ಅಂಗಳದಲ್ಲಿ ಜನ ಸೇರಿದ್ದಾರೆ. ತನ್ನ ಜಮೀನನ್ನು ಸರ್ಕಾರ ಕಿತ್ತುಕೊಂಡಿದೆ ಎಂದು ವಿಷ್ಣುಪ್ರಸಾದನೆಂಬ ಬ್ರಾಹ್ಮಣ ಸುಲ್ತಾನನ ಮೇಲೇ ಫಿರ್ಯಾದು ಕೊಟ್ಟಿದ್ದಾನೆ. ಖಾಜಿ ಬ್ರಾಹ್ಮಣನ ಪರ ತೀರ್ಪು ಕೊಡುತ್ತಾನೆ. ಅವನಿಗೆ 500 ಬೆಳ್ಳಿ ದೀನಾರು, ಜೊತೆಗೆ ಸರ್ಕಾರದಲ್ಲೊಂದು ಕೆಲಸ. ಈ ಕಲ್ಪನೆಗೆ ಚರಿತ್ರೆಯ ಆಸರೆಯೂ ಇದೆ. ತನ್ನ ಸಹೋದರನನ್ನು ಅನ್ಯಾಯವಾಗಿ ಕೊಲ್ಲಿಸಿದನೆಂದು ಹಿಂದೂ ಪ್ರಮುಖನೊಬ್ಬ ದೂರಿತ್ತಾಗ ಸುಲ್ತಾನ ನಿರಾಯುಧನಾಗಿ, ಕಾಲ್ನಡಿಗೆಯಲ್ಲಿ ಖಾಜಿಯ ಮುಂದೆ ಹೋಗಿ ನಿಂತದ್ದನ್ನು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ.

ಈ ತೀರ್ಪಿನ ಸುತ್ತ ಗುಂಪಿನ ಜನ ಆಡುವ ಮಾತೆಲ್ಲ ಗೈಡ್ ಪುಸ್ತಕದಲ್ಲಿ ‘ಸುಲ್ತಾನನ ಬಗ್ಗೆ ಜನರಲ್ಲಿ ಭಿನ್ನಾಭಿಪ್ರಾಯವಿತ್ತು’ ಎಂಬ ಒಂದು ವಾಕ್ಯಕ್ಕೆ ಇಳಿಯುತ್ತದೆ. ಆಡಲು ನಿಂತಾಗ ಆ ವಾಕ್ಯ ಏನೇನೂ ಸಾಲದು. ಮೊದಲ ಸಲ ಎಲ್ಲರೂ ಗೋಡೆ ನೋಡಿಕೊಂಡು ಮಾತು ಒಪ್ಪಿಸುತ್ತಾರೆ, ತಮ್ಮ ಸರದಿ ಮುಗಿಯುತ್ತಲೇ ಕೈಕಟ್ಟಿ ನಿಲ್ಲುತ್ತಾರೆ. ಆಗ ಕೇಳಬೇಕಾದದ್ದು ಒಂದೇ: ಈ ಮಾತನ್ನು ಯಾರ ಮುಖ ನೋಡಿ ಆಡುತ್ತಿದ್ದೀಯ?

ಗುಂಪಿನಲ್ಲಿರುವ ಹಿಂದೂವಿನ ಮಾತನ್ನೇ ನೋಡಿ. ಜಿಜಿಯಾ ತೆರಿಗೆ ರದ್ದಾದದ್ದು ಅವನಿಗೆ ಸಂತೋಷವಲ್ಲ, ಗಾಬರಿ. ಒದ್ದು ತೆರಿಗೆ ಕೇಳುವ ದೊರೆಯನ್ನು ಅವನು ಬಲ್ಲ, ನೀನೂ ಮನುಷ್ಯನೇ ಎನ್ನುವ ದೊರೆಯನ್ನು ನಂಬಲಾರ. ನಗಿಸುವಂತೆ ಹೇಳಿದರೆ ತರಗತಿ ನಗುತ್ತದೆ. ಪಕ್ಕದ ಮುಸ್ಲಿಂ ಮುದುಕನತ್ತ ತಿರುಗಿ, ಸ್ವಲ್ಪ ದನಿ ತಗ್ಗಿಸಿ ಹೇಳಿದರೆ ಆ ನಗು ಅರ್ಧಕ್ಕೇ ನಿಲ್ಲುತ್ತದೆ. ಪ್ರಾರ್ಥನೆಯ ಹೊತ್ತಿಗೆ ಚಪ್ಪರ ಕುಸಿದು ಸುಲ್ತಾನನ ತಂದೆ, ತಮ್ಮ ಸತ್ತ ಮಾತು ಬಂದಾಗಲೂ ಹೀಗೆಯೇ. ಅದನ್ನು ಯಾರು ಗಟ್ಟಿಯಾಗಿ ಹೇಳುತ್ತಾರೆ, ಯಾರು ಹಿಂದೆ ಮುಂದೆ ನೋಡುತ್ತಾರೆ ಎಂಬುದನ್ನು ಗುಂಪೇ ಕೂತು ತೀರ್ಮಾನಿಸಬೇಕು.

ಆ ಬಳಿಕ ಸುಲ್ತಾನ ಬಂದು ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುವ ವಿಚಾರ ಹೇಳುತ್ತಾನೆ. ಇದು ಆಜ್ಞೆಯಲ್ಲ, ಆಹ್ವಾನ. ನನ್ನಲ್ಲಿ ನಂಬಿಕೆಯಿದ್ದವರು ಬನ್ನಿ ಎಂಬ ಧಾಟಿ. ಸುಲ್ತಾನನಾದ ಹುಡುಗ ಸಾಮಾನ್ಯವಾಗಿ ಇದನ್ನು ಗುಡುಗುತ್ತಾನೆ. ಗುಡುಗಿದರೆ ಆಹ್ವಾನ ಸುಳ್ಳಾಗುತ್ತದೆ, ಮೆತ್ತಗೆ ಹೇಳಿದರೆ ಭಯ ಹೆಚ್ಚಾಗುತ್ತದೆ. ನನ್ನ ತರಗತಿಯಲ್ಲಿ ಮುದುಕನಾಗಿದ್ದ ಹುಡುಗಿಯೊಬ್ಬಳು ಇಲ್ಲಿ ಆಟ ನಿಲ್ಲಿಸಿ ಕೇಳಿದಳು: ‘ಅಲ್ಲಿಗೆ ಎಷ್ಟು ದೂರ ಸರ್?’ ಸಾವಿರ ಕಿಲೋಮೀಟರಿಗೂ ಹೆಚ್ಚು ಎಂದೆ. ಮತ್ತೆ ಆಡಿದಾಗ ಆಕೆ ಸುಲ್ತಾನನ ಮಾತು ಮುಗಿಯುವ ಮೊದಲೇ ಪಕ್ಕದವನ ಭುಜ ಹಿಡಿದು ನಿಧಾನಕ್ಕೆ ನೆಲಕ್ಕೆ ಕೂತಳು. ಪಠ್ಯದಲ್ಲಿ ಅಂಥ ಸೂಚನೆಯಿಲ್ಲ. ರಾಜಧಾನಿಯ ವರ್ಗಾವಣೆ ಎಂದರೆ ಏನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕಿರಲಿಲ್ಲ.

ಜನ ಚದುರಿದ ಮೇಲೆ ನಾಟಕಕಾರ ತನ್ನ ಚೇಷ್ಟೆ ತೋರುತ್ತಾನೆ. ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ಅಜೀಜ್ ಎಂಬ ಅಗಸ. ಹಳೆಯ ಗೆಳೆಯ ಆಜಮ್ ಗುರುತು ಹಿಡಿದುಬಿಡುತ್ತಾನೆ. ಮೊದಲಿನಿಂದಲೂ ಅಜೀಜನ ನಡಿಗೆಯಲ್ಲಿ ಇದರ ಸುಳಿವು ಕೊಡಬೇಕೇ, ಬೇಡವೇ? ಕೊಟ್ಟರೆ ಸುಲ್ತಾನನ ನ್ಯಾಯ ಆಗಲೇ ಗೇಲಿಯಾಗುತ್ತದೆ. ಬಚ್ಚಿಟ್ಟರೆ ನೋಡುವವರೂ ಸುಲ್ತಾನನಂತೆಯೇ ಮೋಸ ಹೋಗುತ್ತಾರೆ. ಹುಡುಗರು ಈ ವಿಷಯಕ್ಕೆ ಕ್ಯಾಂಟೀನಿನವರೆಗೂ ಜಗಳವಾಡಿಕೊಂಡು ಹೋಗುತ್ತಾರೆ. ವಿಮರ್ಶೆ ಎಂದು ನಾವು ಕರೆಯುವುದು ಇದನ್ನೇ, ಅವರಿಗೆ ಮಾತ್ರ ಅದು ಗೊತ್ತಿರುವುದಿಲ್ಲ.

ಇದಕ್ಕೆ ಬೇಕಾದದ್ದು ಎರಡು ಪೀರಿಯಡ್ಡು, ಒಂದಷ್ಟು ಟವೆಲ್ಲು. ಮಾತು ಬಾಯಿಪಾಠವಾಗದಿದ್ದರೆ ಪುಸ್ತಕ ಕೈಯಲ್ಲಿರಲಿ, ಆದರೆ ಕೂತು ಓದುವುದು ಬೇಡ. ಎರಡನೆಯ ಸಲ ಪಾತ್ರ ಅದಲುಬದಲಾಗಲಿ. ಸುಲ್ತಾನನಾಗಿದ್ದವನು ಗುಂಪಿಗೆ ಇಳಿಯಲಿ. ಕೊನೆಗೆ ಪ್ರತಿಯೊಬ್ಬರೂ ಅರ್ಧ ಪುಟ ಬರೆಯಲಿ: ನಾನು ದೌಲತಾಬಾದಿಗೆ ಹೋಗುತ್ತೇನೋ ಇಲ್ಲವೋ, ಯಾಕೆ? ಆದರ್ಶವಾದಿ ದೊರೆಯ ದುರಂತದ ಬಗ್ಗೆ ಪ್ರಬಂಧವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಈ ಅರ್ಧ ಪುಟವನ್ನು ನಕಲು ಮಾಡಲಾಗದು, ಏಕೆಂದರೆ ಅಂಗಳದಲ್ಲಿ ತಾನು ಎಲ್ಲಿ ನಿಂತಿದ್ದೆ ಎಂಬುದು ಬರೆಯುವವರಿಗೇ ಗೊತ್ತು.