ಆದಿ ಕಾಣದ ಸುತ್ತಿಗೊಂದು ಗುರುತು

ಕೊಕ್ಕೆಯುಳ್ಳ ಒಂದೇ ಕಡ್ಡಿಯಿಂದ ದಾರವನ್ನು ಕುಣಿಕೆಯೊಳಗಿಂದ ಕುಣಿಕೆಯಾಗಿ ಎಳೆದು ಹೆಣೆಯುವ ಕ್ರೋಶಾ ಕಲೆಯಲ್ಲಿ, ಒಳಗೆ ಹತ್ತಿ ತುಂಬಿದ ಪುಟ್ಟ ಗೊಂಬೆಗಳನ್ನು ಮಾಡುವ ಒಂದು ಕವಲು ಜಪಾನಿನಲ್ಲಿ ಬೆಳೆದು, ಅಮಿಗುರುಮಿ ಎಂಬ ಹೆಸರಿನಿಂದ ಹಲವು ದೇಶಗಳಿಗೆ ಹರಡಿದೆ. ಕರಡಿಯಾಗಲಿ ಮೊಲವಾಗಲಿ, ಈ ಗೊಂಬೆಗೆ ಕತ್ತರಿಸಿ ಜೋಡಿಸಿದ ಬಟ್ಟೆಯೂ ಇಲ್ಲ, ಅಚ್ಚೂ ಇಲ್ಲ. ತಲೆ ಉರುಟಾಗುವುದು, ಕತ್ತು ಕಿರಿದಾಗುವುದು, ಹೊಟ್ಟೆ ಉಬ್ಬುವುದು ಇವೆಲ್ಲವೂ ಯಾವ ಸುತ್ತಿನಲ್ಲಿ ಎಷ್ಟು ಸ್ಟಿಚ್‌ಗಳಿವೆ ಎಂಬ ಲೆಕ್ಕದಿಂದಲೇ ನಿರ್ಧಾರವಾಗುತ್ತವೆ. ಆ ಲೆಕ್ಕ ತಪ್ಪದಂತೆ ಕಾಯುವ ಸಣ್ಣ ಸಾಧನವನ್ನು ಸ್ಟಿಚ್ ಮಾರ್ಕರ್ ಎನ್ನುತ್ತಾರೆ.

ಗೊಂಬೆಗೆ ಸಾಮಾನ್ಯವಾಗಿ ಬಳಸುವುದು ಸಿಂಗಲ್ ಕ್ರೋಶಾ ಎಂಬ ಗಿಡ್ಡನೆಯ, ಒತ್ತಾದ ಸ್ಟಿಚ್. ಇದನ್ನೇ ಬ್ರಿಟಿಷ್ ಪುಸ್ತಕಗಳು ಡಬಲ್ ಕ್ರೋಶಾ ಎಂದು ಕರೆದು ಹೊಸಬರನ್ನು ದಾರಿ ತಪ್ಪಿಸುವುದುಂಟು. ಎಳೆದು ಬಿಗಿಮಾಡಬಹುದಾದ ಒಂದು ಉಂಗುರದೊಳಗೆ 6 ಸ್ಟಿಚ್ ಹಾಕಿ ಆರಂಭಿಸಿ, ಮುಂದಿನ ಸುತ್ತುಗಳನ್ನು 12, 18, 24, 30, 36 ಎಂದು ಆರಾರರಂತೆ ಹೆಚ್ಚಿಸಿಕೊಂಡು ಹೋದರೆ ಚಪ್ಪಟೆಯಾದ ಬಿಲ್ಲೆ ಮೂಡುತ್ತದೆ. ಇದರ ಹಿಂದೆ ಶಾಲೆಯ ರೇಖಾಗಣಿತವೇ ಇದೆ: ವೃತ್ತದ ತ್ರಿಜ್ಯ ಒಂದು ಅಳತೆಯಷ್ಟು ಹೆಚ್ಚಿದಾಗ ಪರಿಧಿಯು ಆ ಅಳತೆಯ ಸುಮಾರು 6.28 ಪಟ್ಟು ಹೆಚ್ಚುತ್ತದೆ, ಸಿಂಗಲ್ ಕ್ರೋಶಾ ಸ್ಟಿಚ್‌ನ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮನಾಗಿರುವುದರಿಂದ ಪ್ರತಿ ಸುತ್ತಿಗೆ ಆರು ಸ್ಟಿಚ್ ಸೇರಿಸಿದರೆ ಸಾಕಾಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಬಿಲ್ಲೆಯ ಅಂಚು ಮೇಲೆದ್ದು ಕೊಳವೆಯಾಗುತ್ತದೆ, ಇಳಿಸುತ್ತ ಹೋದರೆ ಬಾಯಿ ಮುಚ್ಚಿಕೊಂಡು ಚೆಂಡಾಗುತ್ತದೆ. ಅಳತೆ ಮೀರಿ ಹೆಚ್ಚಿಸಿದರೆ ಅಂಚೆಲ್ಲ ನಿರಿಗೆಗಟ್ಟುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಹೈಪರ್ಬೋಲಿಕ್ ಸಮತಲವೆಂಬ, ಕಾಗದದಲ್ಲಿ ತೋರಿಸಲು ಕಷ್ಟವಾದ ಆಕೃತಿಯನ್ನು ಕೈಗೆ ಸಿಗುವಂತೆ ಮಾಡಿದ್ದು ಇದೇ ಗುಣವನ್ನು ಬಳಸಿ.

ಹೀಗೆ ಆಕಾರವೆಲ್ಲ ಎಣಿಕೆಯ ಮೇಲೆ ನಿಂತಿರುವಾಗ, ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಈ ಹೆಣಿಗೆಯಲ್ಲಿ ಕಾಣುವುದಿಲ್ಲ. ಬಾಗಿಲ ತೋರಣದಂಥ ಪಟ್ಟಿಯನ್ನು ಸಾಲುಸಾಲಾಗಿ ಹೆಣೆಯುವವರು ಸಾಲು ಮುಗಿದಲ್ಲಿ ಹೆಣಿಗೆಯನ್ನು ತಿರುಗಿಸುವುದರಿಂದ ಅಂಚೇ ಅವರಿಗೆ ಗುರುತಾಗುತ್ತದೆ. ಗೊಂಬೆಯಲ್ಲಾದರೋ ಒಂದು ಸುತ್ತು ಮುಗಿದ ಕೂಡಲೇ ಅದನ್ನು ಜೋಡಿಸಿ ಮುಚ್ಚದೆ, ಮುಂದಿನ ಸುತ್ತಿನ ಮೊದಲ ಸ್ಟಿಚ್ಚನ್ನು ನೇರವಾಗಿ ಹಿಂದಿನ ಸುತ್ತಿನ ಮೊದಲನೆಯದರ ಮೇಲೆ ಹಾಕುತ್ತಾರೆ. ಇಡೀ ತಲೆ ಒಂದೇ ಸುರುಳಿ. ಪ್ರತಿ ಸುತ್ತನ್ನೂ ಜೋಡಿಸಿದರೆ ಮೈಮೇಲೆ ಹೊಲಿಗೆಯ ಗೆರೆಯಂಥ ಒಂದು ಗಾಯ ಉಳಿಯುವುದರಿಂದ, ಆ ಗೆರೆಯನ್ನು ತಪ್ಪಿಸಲು ತೆರುವ ಬೆಲೆ ಇದು.

ಹೊಸ ಸುತ್ತಿನ ಮೊದಲ ಸ್ಟಿಚ್ ಹೆಣೆದೊಡನೆ ಅದರ ತಲೆಯ ಮೇಲೆ ಕಾಣುವ ಎರಡೆಳೆಗಳ ಅಡಿಯಿಂದ ಮಾರ್ಕರನ್ನು ತೂರಿಸಿ ಮುಚ್ಚುತ್ತಾರೆ. ಸುತ್ತು ಬಂದು ಅದೇ ಜಾಗ ತಲುಪಿದಾಗ ಮಾರ್ಕರನ್ನು ತೆಗೆದು, ಅಲ್ಲಿ ಸ್ಟಿಚ್ ಹೆಣೆದು, ಆ ಹೊಸ ಸ್ಟಿಚ್‌ಗೇ ಮತ್ತೆ ಸಿಕ್ಕಿಸುತ್ತಾರೆ. ಸ್ವೆಟರ್ ಹೆಣೆಯುವವರು ಬಳಸುವ ಮುಚ್ಚಿದ ಬಳೆಯಂಥ ಮಾರ್ಕರ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಸ್ವೆಟರಿನ ಕಡ್ಡಿಯ ಮೇಲೆ ನೂರಾರು ಕುಣಿಕೆಗಳು ತೆರೆದೇ ಇದ್ದು ಅವುಗಳ ನಡುವೆ ಬಳೆ ಸಲೀಸಾಗಿ ಜರುಗುತ್ತದೆ, ಕ್ರೋಶಾದಲ್ಲಿ ಕಡ್ಡಿಯ ಮೇಲಿರುವುದು ಒಂದೇ ಕುಣಿಕೆಯಾದ್ದರಿಂದ ಹೆಣಿಗೆಯೊಳಗೆ ಸಿಕ್ಕಿದ ಬಳೆಯನ್ನು ಕತ್ತರಿಸದೆ ಬಿಡಿಸಲಾಗದು. ಆದುದರಿಂದಲೇ ಸೇಫ್ಟಿ ಪಿನ್ನಿನಂತೆ ತೆರೆದು ಮುಚ್ಚುವ ಪ್ಲಾಸ್ಟಿಕ್ ಮಾರ್ಕರ್‌ಗಳು ಬಳಕೆಗೆ ಬಂದಿವೆ. ಬೇರೆ ಬಣ್ಣದ ದಾರದ ತುಂಡೂ ಅಷ್ಟೇ ಸಮರ್ಥ: ಕೊನೆಯ ಮತ್ತು ಮೊದಲ ಸ್ಟಿಚ್‌ಗಳ ನಡುವೆ ಅದನ್ನು ಒಂದು ಸುತ್ತಿಗೆ ಮುಂದಕ್ಕೆ, ಇನ್ನೊಂದು ಸುತ್ತಿಗೆ ಹಿಂದಕ್ಕೆ ಮಡಚುತ್ತ ಹೋದರೆ ಎಲ್ಲ ಸುತ್ತುಗಳ ಆರಂಭವೂ ಮೈಮೇಲೆ ದಾಖಲಾಗುತ್ತದೆ, ಕೆಲಸ ಮುಗಿದ ಮೇಲೆ ಎಳೆದರೆ ಹೊರಬರುತ್ತದೆ. ನಯವಾದ ಹತ್ತಿ ದಾರವಾದರೆ ಒಳ್ಳೆಯದು. ರೋಮವುಳ್ಳ ಉಲ್ಲನ್ ಎಳೆ ಎಳೆಗೂ ಅಂಟಿಕೊಳ್ಳುತ್ತದೆ.

ಮಾರ್ಕರ್ ಇಲ್ಲದೆ ಆಗುವ ತಪ್ಪು ಕೂಡಲೇ ಕಣ್ಣಿಗೆ ಬೀಳದಿರುವುದೇ ದೊಡ್ಡ ತೊಡಕು. ಕಾಲಿನಿಂದ ಆರಂಭಿಸಿ ಮುಂಡ, ತಲೆಗಳನ್ನು ಒಂದೇ ತುಂಡಾಗಿ ಹೆಣೆಯುವ ಗೊಂಬೆಯಲ್ಲಿ 36 ಸ್ಟಿಚ್‌ಗಳ ಸುತ್ತುಗಳು ನಡೆಯುತ್ತಿವೆ ಎಂದುಕೊಳ್ಳಬಹುದು. ಹೆಣೆಯುವವರು 35ಕ್ಕೇ ಸುತ್ತು ಮುಗಿಯಿತೆಂದು ಪ್ರತಿಸಲವೂ ಮುಂದುವರಿದರೆ ಕೊಳವೆಯ ಸುತ್ತಳತೆ 36 ಆಗಿಯೇ ಉಳಿಯುತ್ತದೆ, ಆಕಾರ ಕೆಡುವುದಿಲ್ಲ. ಆದರೆ ಆರಂಭದ ಬಿಂದು ಸುತ್ತಿಗೊಂದು ಸ್ಟಿಚ್‌ನಂತೆ ಹಿಂದೆ ಸರಿದು, ಒಂಬತ್ತನೆಯ ಸುತ್ತಿಗೆ ಕಾಲು ಭಾಗ ತಿರುಗಿರುತ್ತದೆ. ಪಾದ ಮುಂದಕ್ಕೆ ನೋಡುತ್ತಿದ್ದರೆ ಮುಖ ಹೆಗಲಿನ ಕಡೆ ನೋಡುತ್ತದೆ.

ಎಣಿಕೆ ಸರಿಯಿದ್ದರೂ ಆರಂಭದ ಬಿಂದು ನೆಟ್ಟಗೆ ಮೇಲೇರುವುದಿಲ್ಲ ಎಂಬುದು ಇನ್ನೊಂದು ಕುತೂಹಲದ ಸಂಗತಿ. ಒಂದೇ ದಿಕ್ಕಿನಲ್ಲಿ ಹೆಣೆಯುವ ಸಿಂಗಲ್ ಕ್ರೋಶಾದಲ್ಲಿ ಪ್ರತಿ ಸ್ಟಿಚ್ಚೂ ತನ್ನ ಕೆಳಗಿನದರ ನೆತ್ತಿಯ ಮೇಲೆ ಕೂರದೆ ತುಸು ಪಕ್ಕಕ್ಕೆ, ಬಲಗೈಯವರ ಹೆಣಿಗೆಯಲ್ಲಿ ಬಲಕ್ಕೆ, ವಾಲುವುದರಿಂದ ಗುರುತಿನ ದಾರ ಮೈಮೇಲೆ ಓರೆಗೆರೆಯಾಗಿ ಕಾಣುತ್ತದೆ. ಇದು ತಪ್ಪಲ್ಲ, ಹೆಣಿಗೆಯ ಸ್ವಭಾವ. ಕೈಕಾಲು ಜೋಡಿಸುವ ಮುನ್ನ ಕೆಲವು ಸ್ಟಿಚ್ ಹೆಚ್ಚಿಗೆ ಹಾಕಿ ಮಾರ್ಕರನ್ನು ಮುಂದಕ್ಕೆ ಸರಿಸಿಕೊಳ್ಳುವಂತೆ ಅನುಭವಿ ವಿನ್ಯಾಸಕಾರರು ಸೂಚಿಸುವುದು ಇದನ್ನು ಸರಿದೂಗಿಸುವುದಕ್ಕಾಗಿ.

ಸುತ್ತಿನ ಆರಂಭವಲ್ಲದೆ ಕಿವಿ, ತೋಳುಗಳನ್ನು ಹೊಲಿಯುವ ಜಾಗಕ್ಕೂ, ಕಣ್ಣಿನ ಮಣಿ ಕೂರಿಸುವ ಜಾಗಕ್ಕೂ ಬೇರೆ ಬಣ್ಣದ ಮಾರ್ಕರ್ ಹಾಕಿ, ದೂರದಿಂದ ನೋಡಿ, ಮುಖಭಾವ ಹಿಡಿಸದಿದ್ದರೆ ಸರಿಸಬಹುದು. ಕೆಲಸ ಅರ್ಧಕ್ಕೆ ಬಿಡುವಾಗ ಕಡ್ಡಿಯ ಮೇಲಿದ್ದ ಆ ಒಂದೇ ಕುಣಿಕೆಗೂ ಮಾರ್ಕರ್ ಸಿಕ್ಕಿಸಬೇಕು, ಅದು ಜಾರಿದರೆ ದಾರದ ತುದಿ ಎಳೆದಷ್ಟೂ ಇಡೀ ಹೆಣಿಗೆ ಬಿಚ್ಚುತ್ತ ಹೋಗುತ್ತದೆ. ಹತ್ತಿ ತುಂಬಿ ಕೊನೆಯ ಆರು ಸ್ಟಿಚ್‌ಗಳನ್ನು ಬಿಗಿದ ಮೇಲೆ ಒಳಗುಳಿದ ಪಿನ್ನನ್ನು ಹೊರತೆಗೆಯಲು ದಾರಿಯಿಲ್ಲ. ಗೊಂಬೆ ಸೇರುವುದು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವಿನ ಕೈಯನ್ನು, ಆದ್ದರಿಂದ ಹಾಕಿದ ಮಾರ್ಕರ್‌ಗಳೆಲ್ಲ ಡಬ್ಬಿಗೆ ಮರಳಿವೆಯೇ ಎಂದು ಬಾಯಿ ಮುಚ್ಚುವ ಮುನ್ನವೇ ಎಣಿಸಿಕೊಳ್ಳಬೇಕಾಗುತ್ತದೆ.