ಸಮಬಲರಲ್ಲದವರ ಸಮಾನ ಸ್ಪರ್ಧೆ

ಬೌಲಿಂಗ್ ಎಂದೊಡನೆ ನಮ್ಮವರ ಕಣ್ಮುಂದೆ ಬರುವುದು ಕ್ರಿಕೆಟ್ ಮೈದಾನ. ಅಮೆರಿಕದಲ್ಲಿ ಈ ಮಾತಿಗೆ ಬೇರೆಯೇ ಅರ್ಥವಿದೆ. ನುಣುಪಾದ ಹಾಸಿನ ಮೇಲೆ ಭಾರವಾದ ಚೆಂಡನ್ನು ಉರುಳಿಸಿ, 60 ಅಡಿ ದೂರದಲ್ಲಿ ತ್ರಿಕೋನಾಕಾರವಾಗಿ ನಿಲ್ಲಿಸಿದ 10 ಪಿನ್ನುಗಳನ್ನು ಕೆಡಹುವ ಆಟವದು. 1895ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಇದರ ನಿಯಮಗಳಿಗೆ ಏಕರೂಪ ನೀಡಿತು. ಆ ಸಂಸ್ಥೆಯು 2005ರಲ್ಲಿ ಮಹಿಳೆಯರ ಹಾಗೂ ಕಿರಿಯರ ಸಂಸ್ಥೆಗಳೊಡನೆ ಒಂದುಗೂಡಿ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ ಎನಿಸಿತು.

ವಾರಕ್ಕೊಮ್ಮೆ ಕಲೆತು, ಸಾಮಾನ್ಯವಾಗಿ ಮೂರು ಆಟಗಳನ್ನಾಡುವ ಹವ್ಯಾಸಿ ತಂಡಗಳ ಕೂಟಕ್ಕೆ ಲೀಗ್ ಎಂದು ಹೆಸರು. ಅಲ್ಲಿ ನುರಿತ ಆಟಗಾರರ ಪಕ್ಕದಲ್ಲಿಯೇ ನಿವೃತ್ತರೂ ಗೃಹಿಣಿಯರೂ ಈಗಷ್ಟೇ ಚೆಂಡು ಹಿಡಿದವರೂ ಇರುತ್ತಾರೆ. ಒಂದು ಆಟದ ಗರಿಷ್ಠ ಅಂಕ 300. ಒಬ್ಬರ ಸರಾಸರಿ 200, ಇನ್ನೊಬ್ಬರದು 140 ಎಂದಾದರೆ ಇಬ್ಬರ ಸ್ಪರ್ಧೆಯ ಫಲಿತಾಂಶ ಆಟಕ್ಕೆ ಮುನ್ನವೇ ಬಹುಮಟ್ಟಿಗೆ ನಿಶ್ಚಿತ. ಹಾಗಾದರೆ ಇವರು ಒಂದೇ ಕೂಟದಲ್ಲಿ ಆಡುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರವೇ ಹ್ಯಾಂಡಿಕ್ಯಾಪ್, ಅಂದರೆ ದುರ್ಬಲರಿಗೆ ಹೆಚ್ಚಾಗಿ ದೊರೆಯುವ ಪೂರಕ ಅಂಕ. ಲೀಗಿನವರು ಮೊದಲು 220ರಂತಹ ಒಂದು ಆಧಾರಸಂಖ್ಯೆಯನ್ನು ಗೊತ್ತುಪಡಿಸುತ್ತಾರೆ. ಅದಕ್ಕೂ ಆಟಗಾರರ ಸರಾಸರಿಗೂ ಇರುವ ಅಂತರದ ಶೇಕಡಾ 90ರಷ್ಟನ್ನು ಪೂರಕವಾಗಿ ಕೊಡುವರೆಂದು ಇಟ್ಟುಕೊಳ್ಳೋಣ. 200 ಸರಾಸರಿಯವರಿಗೆ 18, 140 ಸರಾಸರಿಯವರಿಗೆ 72 ಅಂಕ ದೊರೆಯುತ್ತದೆ. ಒಂದು ಸಂಜೆ ಮೊದಲನೆಯವರು 205, ಎರಡನೆಯವರು 155 ಗಳಿಸಿದರೆ ಒಟ್ಟು ಅಂಕಗಳು ಕ್ರಮವಾಗಿ 223 ಮತ್ತು 227. ಅಂದಿನ ಜಯ ಎರಡನೆಯವರದು! ತಮ್ಮ ವಾಡಿಕೆಯ ಆಟಕ್ಕಿಂತ ಅವರು 15 ಅಂಕ ಮೇಲೇರಿದ್ದಾರೆ. ಮೊದಲನೆಯವರು ಏರಿದ್ದು ಐದೇ ಅಂಕ.

ಇಬ್ಬರೂ ತಂತಮ್ಮ ಸರಾಸರಿಯನ್ನಷ್ಟೇ ಆಡಿದರೆ ಫಲಿತಾಂಶ 218 ಮತ್ತು 212. ಶೇಕಡಾ 90ರ ಪದ್ಧತಿಯು ನುರಿತವರ ಪರಿಶ್ರಮಕ್ಕೆ ಕಿಂಚಿತ್ ಮೇಲುಗೈಯನ್ನು ಉಳಿಸುತ್ತದೆ. ಪೂರ್ಣ ನೂರರಷ್ಟು ಕೊಟ್ಟರೆ ಇಬ್ಬರೂ 220ಕ್ಕೆ ಬಂದು ನಿಲ್ಲುತ್ತಾರೆ. ಎಷ್ಟು ಕೊಡುವುದು ನ್ಯಾಯವೆಂಬುದನ್ನು ಆಯಾ ಲೀಗಿನವರೇ ನಿರ್ಧರಿಸಿಕೊಳ್ಳುತ್ತಾರೆ.

ಆದರೆ ವ್ಯಕ್ತಿ ವ್ಯಕ್ತಿಗಳನ್ನು ಹೋಲಿಸುವಾಗ ಎಚ್ಚರ ಅಗತ್ಯ. ಪೂರ್ಣ ಪೂರಕ ಅಂಕ ನೀಡುವ ಲೀಗಿನಲ್ಲಿ, ಋತುವಿನ ಕೊನೆಗೆ ಎಲ್ಲರ ಮೊತ್ತದ ಸರಾಸರಿಯೂ ಆಧಾರಸಂಖ್ಯೆಯ ಸಮೀಪಕ್ಕೇ ಬರುತ್ತದೆ. ಅದರಿಂದ ಯಾರು ಸಮರ್ಥರೆಂಬುದು ತಿಳಿಯದು. ಸಾಮರ್ಥ್ಯವನ್ನು ಅರಿಯಲು ಪೂರಕವಿಲ್ಲದ ಮೂಲ ಸರಾಸರಿಯನ್ನೇ ನೋಡಬೇಕು. ಒಂದು ದಿನದ ಸಾಧನೆಗೆ, ಅಂದು ತಮ್ಮ ಸರಾಸರಿಯನ್ನು ಎಷ್ಟು ಮೀರಿದರೆಂಬುದು ಅಳತೆ. ಪ್ರಗತಿಗೆ, ಋತುವಿನ ಆರಂಭದಿಂದ ಅಂತ್ಯದವರೆಗೆ ಸರಾಸರಿ ಎಷ್ಟು ಏರಿತೆಂಬುದೇ ಸಾಕ್ಷಿ. ಮೂರು ಪ್ರಶ್ನೆಗಳಿಗೆ ಮೂರು ಅಳತೆಗೋಲುಗಳು. ಒಂದರಿಂದ ಇನ್ನೊಂದನ್ನು ಅಳೆಯಲಾಗದು. ಇನ್ನೊಂದು ಮಾತು: ಸರಾಸರಿಯು ಹಿಂದಿನ ಆಟಗಳ ಲೆಕ್ಕವಾದ್ದರಿಂದ, ವೇಗವಾಗಿ ಕಲಿಯುತ್ತಿರುವವರ ಈಗಿನ ಸಾಮರ್ಥ್ಯಕ್ಕಿಂತ ಅದು ಹಿಂದೆಯೇ ಉಳಿದಿರುತ್ತದೆ. ಹೊಸಬರು ಕೆಲವು ವಾರ ಸತತವಾಗಿ ಗೆದ್ದರೆ ಅದನ್ನು ಕಂಡು ಹಳಬರು ಅಸಮಾಧಾನಪಡಬೇಕಾಗಿಲ್ಲ.

ಈ ಪದ್ಧತಿಯ ಬುಡವಿರುವುದು ಪ್ರಾಮಾಣಿಕತೆಯಲ್ಲಿ. ಬೇಕೆಂದೇ ಪಿನ್ನುಗಳನ್ನು ತಪ್ಪಿಸಿ ಸರಾಸರಿಯನ್ನು ತಗ್ಗಿಸಿಕೊಂಡು, ಬಹುಮಾನದ ದಿನ ನಿಜವಾದ ಆಟ ತೋರುವವರೂ ಉಂಟು. ನಿಯಮಗಳು ಇದನ್ನು ಅಕ್ರಮವೆಂದೇ ಎಣಿಸುತ್ತವೆ. ಆದರೆ ತಪ್ಪಿದ ಚೆಂಡು ಕೈ ಜಾರಿದ್ದೋ, ಜಾರಿಸಿದ್ದೋ ಎಂಬುದು ಎಸೆದವರ ಮನಸ್ಸಿಗಷ್ಟೇ ಗೊತ್ತು. ಲೆಕ್ಕದ ಪುಸ್ತಕಕ್ಕೆ ಅದು ಕಾಣದು.

ಮನೆಯಲ್ಲಿ ಇಬ್ಬರು ಮಕ್ಕಳ ಅಂಕಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ತಂದೆತಾಯಂದಿರು ಈ ಆಟದ ಲೆಕ್ಕವನ್ನೊಮ್ಮೆ ನೆನೆಯಬಹುದು. ತೊಂಬತ್ತು ಪಡೆದ ಅಕ್ಕನ ಮುಂದೆ ಅರವತ್ತು ಪಡೆದ ತಮ್ಮನು ತಲೆ ತಗ್ಗಿಸಿ ನಿಂತಿರುವಾಗ, ಕಳೆದ ಬಾರಿ ಅವನು ಪಡೆದದ್ದು ಎಷ್ಟೆಂದು ಮೊದಲು ಕೇಳೋಣ.