ಹರಕೆ ಇಲ್ಲದೆ ಕೊಟ್ಟ ರೊಟ್ಟಿ

ಭಾರತ ಹುಣ್ಣಿಮೆ ಬಂತೆಂದರೆ ರಾಯಬಾಗ ತಾಲ್ಲೂಕಿನ ಚಿಂಚಲಿ ಭಂಡಾರದಲ್ಲಿ ಮುಳುಗುತ್ತದೆ. ಮಾಯಕ್ಕನ ಜಾತ್ರೆಗೆ ಕೊಲ್ಲಾಪುರ, ಸಾಂಗಲಿ ಕಡೆಯಿಂದ, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ಜನ ಚಕ್ಕಡಿ ಹೂಡಿಕೊಂಡು, ಟ್ರ್ಯಾಕ್ಟರ್ ಏರಿ, ಮಿರಜ್–ಬೆಳಗಾವಿ ರೈಲಿನಲ್ಲಿ ಇಳಿದು ಬರುತ್ತಾರೆ. ಭಂಡಾರ ಹಾರಿಸುತ್ತಾರೆ, ನೈವೇದ್ಯ ಹಿಡಿಯುತ್ತಾರೆ, ದೇವಿಗೆ ಉಡಿ ತುಂಬುತ್ತಾರೆ. ಬಂದವರಲ್ಲಿ ಹರಕೆ ಹೊತ್ತವರೇ ಬಹಳ. ಮಗಳ ಮದುವೆಯಾಗಲಿ, ಕೊಳವೆಬಾವಿಗೆ ನೀರು ಬೀಳಲಿ, ಕಾಯಿಲೆ ವಾಸಿಯಾಗಲಿ, ನಿನಗೆ ಇಂಥದ್ದು ಒಪ್ಪಿಸುತ್ತೇನೆ ಎಂದು ಬೇಡಿಕೊಂಡವರು ಅವರು. ಹರಕೆಯಲ್ಲಿ ಮುಚ್ಚುಮರೆ ಇಲ್ಲ. ನೀನು ಕೊಡು, ನಾನೂ ಕೊಡುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ.

ಇದೇ ಸೀಮೆಯ ಜನ ಯುಗಾದಿಯ ಮುಂದೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ದಾರಿಯಲ್ಲಿನ ಊರಿನವರು ಅವರಿಗೆ ಊಟ ಹಾಕುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನಡೆಯುವವರ ಹೆಸರು ಅವರಿಗೆ ಗೊತ್ತಿಲ್ಲ, ಮತ್ತೆ ಆ ಮುಖ ಕಾಣುವುದೂ ಇಲ್ಲ. ಆದರೆ ಕೇಳಿದರೆ ‘ಪುಣ್ಯ ಬರತೈತಿ’ ಎನ್ನುತ್ತಾರೆ. ಹಾಗಾದರೆ ಇದೂ ಹರಕೆಯಂಥದ್ದೇ ಒಂದು ವ್ಯವಹಾರವೇ? ಮನುಷ್ಯ ಮಾಡುವ ಯಾವ ಕೆಲಸದಲ್ಲಾದರೂ ತನ್ನ ಲಾಭದ ಲೆಕ್ಕ ಇರದೆ ಹೋಗುವುದುಂಟೇ? ಈ ಅಧ್ಯಾಯದ ಪ್ರಶ್ನೆ ಇದು.

ಇಲ್ಲ ಎಂದವರಲ್ಲಿ ಹೆಸರಾದವನು ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್. ಮನುಷ್ಯ ಏನೇ ಮಾಡಲಿ, ಅದರ ಬೇರು ತನ್ನ ಹಿತದಲ್ಲೇ ಇದೆ ಎಂಬುದು ಅವನ ಹೆಸರಿಗೆ ಅಂಟಿಕೊಂಡ ವಾದ. ಅವನ ಗೆಳೆಯ ಜಾನ್ ಆಬ್ರಿ ಬರೆದಿಟ್ಟ ಒಂದು ಪ್ರಸಂಗವಿದೆ. ಲಂಡನ್ನಿನ ಬೀದಿಯಲ್ಲಿ ಹಾಬ್ಸ್ ಒಬ್ಬ ಮುದುಕ ಭಿಕ್ಷುಕನಿಗೆ ಕಾಸು ಕೊಟ್ಟ. ಜೊತೆಗಿದ್ದ ಪಾದ್ರಿ, ಕ್ರಿಸ್ತನ ಅಪ್ಪಣೆ ಇಲ್ಲದಿದ್ದರೂ ಕೊಡುತ್ತಿದ್ದೆಯಾ ಎಂದು ಕೇಳಿದ. ಕೊಡುತ್ತಿದ್ದೆ, ಆ ಮುದುಕನ ಪಾಡು ನೋಡಿ ನನಗೆ ಸಂಕಟವಾಗುತ್ತಿತ್ತು, ಕೊಟ್ಟ ಮೇಲೆ ಅವನ ಕಷ್ಟದ ಜೊತೆ ನನ್ನ ಸಂಕಟವೂ ಇಳಿಯಿತು ಎಂಬ ಅರ್ಥದ ಉತ್ತರ ಹಾಬ್ಸ್‌ನಿಂದ ಬಂತು.

ಈ ಉತ್ತರ ಮೊದಲ ಕೇಳ್ವಿಗೆ ಬಾಯಿ ಕಟ್ಟಿಸುತ್ತದೆ. ಅದರ ಗಂಟು ಬಿಡಿಸಿದವನು ಜೋಸೆಫ್ ಬಟ್ಲರ್ ಎಂಬ ಪಾದ್ರಿ. 1726ರಲ್ಲಿ ಅಚ್ಚಾದ ತನ್ನ ಪ್ರವಚನಗಳಲ್ಲಿ ಅವನು ತೋರಿಸಿಕೊಟ್ಟದ್ದು ಬಹಳ ಸರಳವಾದ ಸಂಗತಿ. ಹಸಿವು ಇದ್ದವನಿಗೆ ಊಟದಿಂದ ಸುಖ ಸಿಗುತ್ತದೆ. ಮೊದಲು ಅನ್ನದ ಬಯಕೆ, ಆಮೇಲೆ ಸುಖ. ಅದೇ ರೀತಿ ಮುದುಕನ ಪಾಡು ಹಾಬ್ಸ್‌ನ ಮನಸ್ಸಿಗೆ ನಾಟದೇ ಇದ್ದಿದ್ದರೆ ಸಂಕಟವೇ ಹುಟ್ಟುತ್ತಿರಲಿಲ್ಲ, ಇಳಿಯುವ ಮಾತಂತೂ ದೂರ. ಕೊಟ್ಟಾಗ ನೆಮ್ಮದಿ ಆಗುತ್ತದೆ ಎಂಬುದು ಸ್ವಾರ್ಥಕ್ಕೆ ಸಾಕ್ಷಿಯಲ್ಲ. ಇನ್ನೊಬ್ಬರ ಬಗ್ಗೆ ಕಾಳಜಿ ಮೊದಲೇ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಮುನ್ನೂರು ವರ್ಷಗಳ ಹಿಂದಿನ ಈ ಮಾತು ನನಗೆ ಇವತ್ತಿಗೂ ಗಟ್ಟಿಯಾಗಿಯೇ ಕಾಣುತ್ತದೆ.

ಎಲ್ಲವೂ ಸ್ವಾರ್ಥ ಎನ್ನುವ ವಾದಕ್ಕೆ ಇನ್ನೊಂದು ದೌರ್ಬಲ್ಯವಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳಿಗೆ 2018ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರು ವಿನಯದಿಂದ ಬೇಡವೆಂದರು. ಅವರ ಅಂಗಿಗೆ ಕಿಸೆ ಇರಲಿಲ್ಲ ಎಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ತನ್ನ ದೇಹವನ್ನು ಸುಡಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಅದರಂತೆಯೇ ನಡೆಯಿತು. ಇದಕ್ಕೂ ಸಂಶಯಗಾರರ ಬಳಿ ಉತ್ತರವಿದೆ: ಪ್ರಶಸ್ತಿ ಬಿಟ್ಟರೆ ಇನ್ನೂ ದೊಡ್ಡ ಹೆಸರು ಬರುತ್ತದಲ್ಲ! ಸರಿ. ಪ್ರಶಸ್ತಿ ತೆಗೆದುಕೊಂಡಿದ್ದರೆ ಏನು ಹೇಳುತ್ತಿದ್ದರು? ಆಗಲೂ ಹೆಸರಿನ ಆಸೆ ಎನ್ನುತ್ತಿದ್ದರು. ತೆಗೆದುಕೊಂಡರೂ ಸ್ವಾರ್ಥ, ಬಿಟ್ಟರೂ ಸ್ವಾರ್ಥ ಎನ್ನುವ ಸಿದ್ಧಾಂತ ಯಾವ ಘಟನೆಯಿಂದಲೂ ಸುಳ್ಳಾಗುವುದಿಲ್ಲ. ಹಾಗೆ ಎಂದೂ ಸುಳ್ಳಾಗದಿರುವುದೇ ಅದರ ಸೋಲು. ಮನುಷ್ಯರ ಬಗ್ಗೆ ಅದು ನಮಗೆ ಹೊಸದೇನನ್ನೂ ತಿಳಿಸುವುದಿಲ್ಲ.

ಜೀವವಿಜ್ಞಾನದವರ ಲೆಕ್ಕ ಬೇರೆ. ಬ್ರಿಟನ್ನಿನ ಡಬ್ಲ್ಯೂ.ಡಿ. ಹ್ಯಾಮಿಲ್ಟನ್ 1964ರಲ್ಲಿ ವಿವರಿಸಿದಂತೆ, ಒಡಹುಟ್ಟಿದವರಿಗಾಗಿ ಜೀವ ತೇಯುವ ಗುಣ ತಲೆಮಾರುಗಳಲ್ಲಿ ಉಳಿದು ಬರುವುದಕ್ಕೆ ಕಾರಣವಿದೆ. ಅಣ್ಣತಮ್ಮಂದಿರ ವಂಶವಾಹಿಗಳಲ್ಲಿ ಸರಾಸರಿ ಅರ್ಧದಷ್ಟು ಒಂದೇ. ರಕ್ತಸಂಬಂಧ ಇಲ್ಲದವರ ನಡುವಿನ ನೆರವನ್ನು 1971ರಲ್ಲಿ ರಾಬರ್ಟ್ ಟ್ರಿವರ್ಸ್ ವಿವರಿಸಿದರು. ಇವತ್ತು ನಾನು ನಿನಗೆ, ನಾಳೆ ನೀನು ನನಗೆ ಎಂಬ ಬಗೆಯದು ಅದು. ನಮ್ಮ ರೈತರಿಗೆ ಇದು ಹೊಸ ಸುದ್ದಿಯಲ್ಲ. ಕಳೆ ತೆಗೆಯಲು, ರಾಶಿ ಮಾಡಲು ಮುಯ್ಯಾಳು ಹೋಗುವುದು, ಮದುವೆಯಲ್ಲಿ ಬಂದ ಆಯೇರಿಯನ್ನು ನೆನಪಿಟ್ಟು ತಿರುಗಿ ಮಾಡುವುದು ಇದೇ ನಿಯಮದ ಮೇಲೆ ನಡೆದಿವೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಒಂದು ಗುಣ ವಂಶದಲ್ಲಿ ಹೇಗೆ ಉಳಿಯಿತು ಎಂಬುದು ಬೇರೆ, ಆ ಗುಣ ಇರುವ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂಬುದು ಬೇರೆ. ರಾತ್ರಿಯೆಲ್ಲ ಜ್ವರದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವ ತಾಯಿಗೆ ವಂಶವಾಹಿಯ ಯೋಚನೆ ಇರುವುದಿಲ್ಲ, ಮಗುವಿನ ಯೋಚನೆ ಇರುತ್ತದೆ. ಒಮ್ಮೆ ಹುಟ್ಟಿದ ಆ ಮಮತೆ ರಕ್ತದ ಗೆರೆಯನ್ನು ದಾಟಿ ಹರಿಯಬಲ್ಲದು. ಇದಕ್ಕೆ ಚಿಂಚಲಿಯ ಮಾಯಕ್ಕನಲ್ಲಿಯೇ ನಿದರ್ಶನವಿದೆ. ಡೊಳ್ಳಿನ ಮೇಲಿನ ಹಾಲುಮತದ ಹಾಡುಗಳಲ್ಲಿ ಅಕ್ಕ ಮಾಯವ್ವ, ಹೆತ್ತವರಿಂದ ದೂರವಾಗಿ ಕಾಡು ಸೇರಿದ ಕೂಸು ಬೀರಪ್ಪನನ್ನು ಎತ್ತಿ ಸಾಕಿದವಳು. ಕತೆಯ ವಿವರ ಹಾಡಿನಿಂದ ಹಾಡಿಗೆ ಬದಲಾಗುತ್ತದೆ, ಸಾಕಿದ ಅಕ್ಕ ಮಾತ್ರ ಬದಲಾಗುವುದಿಲ್ಲ. ಹೆರದೆ ತಾಯಾದ ಒಬ್ಬಳನ್ನು ಕುರುಬ ಸಮುದಾಯ ತನ್ನ ಪುರಾಣದ ನಡುವೆ ಇಟ್ಟು ಪೂಜಿಸುತ್ತ ಬಂದಿದೆ. ನಂಟಿನ ಲೆಕ್ಕಕ್ಕೆ ಸಿಗದ ಇಂಥ ಪ್ರೀತಿ ಇದೆ ಎಂದು ಆ ಜನ ಕಂಡಿದ್ದರಿಂದಲೇ ಇದು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ.

ಪುರಾಣ ಸಾಲದೆಂದರೆ 2019ರ ಆಗಸ್ಟ್ ತಿಂಗಳನ್ನು ನೋಡಬಹುದು. ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆಗೆ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನದಿದಂಡೆಯ ಊರುಗಳು ನೀರಿನಲ್ಲಿ ನಿಂತವು. ಸೇತುವೆಗಳು ಮುಳುಗಿದವು, ಜನ ದನಕರುಗಳನ್ನು ಹೊಡೆದುಕೊಂಡು ಗಂಜಿ ಕೇಂದ್ರ ಸೇರಿದರು. ಆಗ ನೀರು ಮುಟ್ಟದ ಊರುಗಳ ಹೆಣ್ಣುಮಕ್ಕಳು ಒಲೆ ಮುಂದೆ ಕೂತು ರೊಟ್ಟಿ ಬಡಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳು ಗಾಡಿಗಾಡಿ ತುಂಬಿ ಬಂದವು. ಗಾಡಿಗೆ ಬ್ಯಾನರ್ ಕಟ್ಟಿದವರಿದ್ದರು, ಕೊಡುವಾಗ ಫೋಟೊ ಹಿಡಿಸಿಕೊಂಡವರೂ ಇದ್ದರು. ಅವರ ಮನಸ್ಸಿನಲ್ಲಿ ಎರಡು ಮೂರು ಆಸೆ ಕೂಡಿದ್ದಿರಬಹುದು. ಬಡಿದವರ ಸಂಗತಿ ಬೇರೆ. ಯಾವ ರೊಟ್ಟಿ ಯಾರ ಕೈಯದ್ದು ಎಂದು ತಿಂದವರಿಗೆ ತಿಳಿಯುವ ದಾರಿಯೇ ಇರಲಿಲ್ಲ, ಯಾರು ತಿಂದರು ಎಂಬುದು ಬಡಿದವರಿಗೂ ತಿಳಿಯಲಿಲ್ಲ. ಮುಯ್ಯಿ ತೀರಿಸುವ ಪ್ರಶ್ನೆ ಏಳುವುದಿಲ್ಲ.

ಇದಕ್ಕೂ ಹಾಬ್ಸ್‌ನ ಉತ್ತರ ಕೊಡಬಹುದು: ಟಿವಿಯಲ್ಲಿ ಕಂಡ ದೃಶ್ಯದಿಂದ ಆದ ಸಂಕಟ ಕಳೆದುಕೊಳ್ಳಲು ರೊಟ್ಟಿ ಮಾಡಿದರು ಎಂದು. ಈ ಅನುಮಾನವನ್ನೇ ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ಮತ್ತು ಅವರ ಜೊತೆಗಾರರು. 1981ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 44 ವಿದ್ಯಾರ್ಥಿನಿಯರಿದ್ದರು. ಎಲೇನ್ ಎಂಬ ಹುಡುಗಿ ಒಂದೊಂದು ಸುತ್ತಿಗೂ ವಿದ್ಯುತ್ತಿನ ಹೊಡೆತ ತಿಂದು ಒದ್ದಾಡುವುದನ್ನು ಅವರು ಪರದೆಯ ಮೇಲೆ ನೋಡಬೇಕಿತ್ತು. ನಿಜಕ್ಕೂ ಹೊಡೆತ ಇರಲಿಲ್ಲ, ಅದು ನಟನೆ. ನೋಡುವವರಿಗೆ ಅದು ಗೊತ್ತಿರಲಿಲ್ಲ. ಕೆಲವರಿಗೆ ಎಲೇನ್‌ಳ ಸ್ವಭಾವ, ಇಷ್ಟಾನಿಷ್ಟ ನಿಮ್ಮದರಂತೆಯೇ ಎಂದು ತೋರಿಸಲಾಗಿತ್ತು, ಉಳಿದವರಿಗೆ ಬೇರೆ ಎಂದು. ಕೆಲವರು ಎರಡು ಸುತ್ತು ನೋಡಿ ಎದ್ದು ಹೋಗಬಹುದಿತ್ತು, ಉಳಿದವರು ಹತ್ತೂ ಸುತ್ತು ಕೂರಬೇಕಿತ್ತು. ಎರಡು ಸುತ್ತಾದ ಮೇಲೆ ಕೇಳಿದರು: ಅವಳ ಜಾಗದಲ್ಲಿ ನೀವು ಕೂರುತ್ತೀರಾ?

ತನ್ನ ಸಂಕಟ ಕಳೆದುಕೊಳ್ಳುವುದಷ್ಟೇ ಗುರಿಯಾಗಿದ್ದರೆ, ಬಾಗಿಲು ತೆರೆದಿರುವಾಗ ಎದ್ದು ಹೋಗುವುದೇ ಸುಲಭ. ಎಲೇನ್ ತಮ್ಮಂಥವಳಲ್ಲ ಎಂದುಕೊಂಡವರು ಹಾಗೆಯೇ ಮಾಡಿದರು: ಹೋಗಲು ಅವಕಾಶವಿದ್ದಾಗ ಅವರಲ್ಲಿ ಶೇಕಡ 18 ಮಂದಿ ಮಾತ್ರ ಅವಳ ಜಾಗದಲ್ಲಿ ಕೂರಲು ಒಪ್ಪಿದರು. ತಮ್ಮಂಥವಳೇ ಎಂದುಕೊಂಡು ಅವಳ ಬಗ್ಗೆ ಮರುಗುವಂತಾದವರಲ್ಲಿ ಬಾಗಿಲು ತೆರೆದಿದ್ದರೂ ಒಪ್ಪಿದವರು ಶೇಕಡ 91. ಗುಂಪುಗಳು ಸಣ್ಣವು ಎಂಬುದು ನಿಜ. ಮುಂದೆ ಬ್ಯಾಟ್ಸನ್ ಬೇರೆ ಬೇರೆ ರೀತಿಯಲ್ಲಿ ಪ್ರಯೋಗಗಳನ್ನು ಮಾಡಿ ಅದೇ ಕಡೆಗೆ ಬೆರಳು ಮಾಡುವ ಫಲಿತಾಂಶ ಪಡೆದರು. ರಾಬರ್ಟ್ ಚಾಲ್ಡೀನಿ ಮತ್ತಿತರರು 1997ರಲ್ಲಿ ಆಕ್ಷೇಪಿಸಿದ್ದು ಹೀಗೆ: ಹತ್ತಿರದವರಲ್ಲಿ ನಾವು ನಮ್ಮನ್ನೇ ಕಾಣುತ್ತೇವೆ, ಆದ್ದರಿಂದ ಆ ನೆರವೂ ನಮಗೇ ಮಾಡಿಕೊಂಡದ್ದು. ನನಗೆ ಇದು ಸ್ವಾರ್ಥದ ಪರವಾದ ಮಾತಾಗಿ ಕೇಳುವುದಿಲ್ಲ. ನೆರೆಗೆ ಸಿಕ್ಕವರ ಹಸಿವನ್ನು ತನ್ನ ಹಸಿವೆಂದು ತಿಳಿದವಳನ್ನು ಸ್ವಾರ್ಥಿ ಎನ್ನುವುದಾದರೆ, ಆ ಮಾತಿನಿಂದ ಬೈಯುವ ಶಕ್ತಿಯೇ ಹೋಗಿಬಿಡುತ್ತದೆ.

ಇನ್ನೊಂದು ತುದಿಯಲ್ಲಿ ನಿಂತು, ಸಂತೋಷದ ಸೋಂಕೂ ಇರಬಾರದು ಎನ್ನುವವರಿದ್ದಾರೆ. ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರ ಗ್ರಂಥದಲ್ಲಿ, ಇತರರಿಗೆ ಸುಖ ಹಂಚಿ ತಾನೂ ಹಿಗ್ಗುವ ಮನುಷ್ಯನ ಕೆಲಸ ಮೆಚ್ಚತಕ್ಕದ್ದಾದರೂ ಅದಕ್ಕೆ ನಿಜವಾದ ನೈತಿಕ ಬೆಲೆ ಇಲ್ಲ, ಕರ್ತವ್ಯವೆಂದು ಮಾಡಿದ್ದಕ್ಕೆ ಮಾತ್ರ ಆ ಬೆಲೆ ಎಂದ. ಇದನ್ನು ನಾನು ಒಪ್ಪಲಾರೆ. ನನ್ನ ಮನಸ್ಸು ಸಂಪೂರ್ಣ ಶುದ್ಧವೇ ಎಂದು ತಡಕಾಡುತ್ತ ಕೂತವನ ಕಣ್ಣು ಮತ್ತೆ ತನ್ನ ಮೇಲೆಯೇ ಇರುತ್ತದೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹದಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಸರಿ ಎನಿಸುತ್ತದೆ. ಕೊಟ್ಟವನಿಗೆ ಹಿಗ್ಗಾಯಿತೇ ಎಂದು ಅವರು ಕೇಳಲಿಲ್ಲ, ಕೊಟ್ಟೆನೆಂದು ಬೀಗಿದನೇ ಎಂದು ಕೇಳಿದರು. ಹಿಗ್ಗು ಇರಲಿ, ನಾನು ಮೇಲಿನವ ಎಂಬ ಸೊಕ್ಕು ಬೇಡ. ಶ್ರೀಶೈಲದ ಯಾತ್ರಿಕನ ಕಾಲು ತಿಕ್ಕುವವರು ‘ಪುಣ್ಯ ಬರತೈತಿ’ ಎಂದರೂ ಅವರ ಕೈ ಇರುವುದು ಅವನ ಕಾಲಿನ ಮೇಲೆ, ಅವನ ನೋವಿನ ಮೇಲೆ. ಅವನು ನೊಂದು ಕುಂಟದೇ ಇದ್ದಿದ್ದರೆ ಎಣ್ಣೆಯ ಬಟ್ಟಲು ಹೊರಗೆ ಬರುತ್ತಿರಲಿಲ್ಲ.

ಈ ಚರ್ಚೆ ಬರೀ ಪಂಡಿತರದ್ದಲ್ಲ, ಅದಕ್ಕೆ ಪರಿಣಾಮವೂ ಇದೆ. ರಾಬರ್ಟ್ ಫ್ರಾಂಕ್, ಥಾಮಸ್ ಗಿಲೋವಿಚ್, ಡೆನಿಸ್ ರೀಗನ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗಾರನಿಗೆ ಕೈಕೊಟ್ಟರೆ ತನಗೆ ಹೆಚ್ಚು ಹಣ ಸಿಗುವ ಆಟವನ್ನು ವಿದ್ಯಾರ್ಥಿಗಳಿಗೆ ಆಡಿಸಿದರು. ಮನುಷ್ಯ ಸ್ವಹಿತಕ್ಕಾಗಿಯೇ ನಡೆಯುತ್ತಾನೆ ಎಂಬ ಮಾದರಿಯನ್ನು ಓದುವ ಅರ್ಥಶಾಸ್ತ್ರದವರು ಸುಮಾರು ಶೇಕಡ 60ರಷ್ಟು ಸಲ ಕೈಕೊಟ್ಟರು, ಬೇರೆ ವಿಷಯ ಓದುವವರು ಶೇಕಡ 39ರಷ್ಟು. ಅಂಥ ಸ್ವಭಾವದವರೇ ಆ ವಿಷಯ ಆರಿಸಿಕೊಂಡಿರಬಹುದು ಎಂಬ ವಾದ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಓದು ಮುಗಿಯುವ ಹೊತ್ತಿಗೆ ಬೇರೆ ವಿಷಯದವರಲ್ಲಿ ಕೈಗೂಡಿಸುವ ಬುದ್ಧಿ ಹೆಚ್ಚಿದ್ದು, ಅರ್ಥಶಾಸ್ತ್ರದವರಲ್ಲಿ ಹಾಗೆ ಹೆಚ್ಚದೇ ಹೋದದ್ದೂ ಅದೇ ಅಧ್ಯಯನದಲ್ಲಿ ಕಂಡಿತ್ತು.